ಒಣ ಎಂಜಿನ್ನಿಗೆ ಹೂಮಾಲೆ

ಬಿಚ್ಚಿ ಹೊಸದಾಗಿ ಕಟ್ಟಿಸಿದ ಎಂಜಿನ್ನಿಗೆ ಮಾಲೆ ಹಾಕಿ, ಕಾಯಿ ಒಡೆದು, ನೆರೆದವರೆಲ್ಲ ಕೇಳಲೆಂದು ಮೊದಲ ಸಲಕ್ಕೇ ರೇಸ್ ಕೊಟ್ಟು ಗುಡುಗಿಸುವುದನ್ನು ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ನಾನು ಬಹುಕಾಲದಿಂದ ನೋಡುತ್ತ ಬಂದಿದ್ದೇನೆ. ಮಾಲೆಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಗುಡುಗಿಗೆ.

ಜೇವರ್ಗಿ ತಾಲ್ಲೂಕಿನ ನಮ್ಮ ಬಂಧುವೊಬ್ಬರು ಹಳೆಯ ಟ್ರ್ಯಾಕ್ಟರಿಗೆ ಲೈನರ್, ಪಿಸ್ಟನ್, ಬೇರಿಂಗ್ ಎಲ್ಲವನ್ನೂ ಹೊಸದಾಗಿ ಹಾಕಿಸಿದರು. ಹಣ ಸಾಲದ್ದು. ತೊಗರಿ ರಾಶಿಗೆ ಮುಂಚೆ ಗಾಡಿ ಮನೆಗೆ ಬರಬೇಕೆಂಬ ಅವಸರ ಬೇರೆ. ಮಿಸ್ತ್ರಿ ಒಣ ಫಿಲ್ಟರನ್ನು ಹಾಗೆಯೇ ತಿರುಗಿಸಿ ಕೂಡಿಸಿದ. ಡಬ್ಬಿಯಲ್ಲಿದ್ದ ಆಯಿಲನ್ನು ಅಳತೆಯಿಲ್ಲದೆ ಸುರಿದ. ಕಡ್ಡಿಯ ಮೇಲಿನ ಗೆರೆ ದಾಟಿದೆಯಲ್ಲ ಎಂದು ನಾನು ಕೇಳಿದರೆ, "ಇರ್ಲಿ ಬಿಡ್ರೀ ಸರ, ಜಾಸ್ತಿ ಇದ್ರ ಚಲೋನೇ ಆಗ್ತದ" ಎಂದುತ್ತರಿಸಿದ. ಮರುಕ್ಷಣವೇ ಸೆಲ್ಫ್, ಗುಡುಗು, ಚಪ್ಪಾಳೆ. ನಾಲ್ಕನೆಯ ದಿನ ಒಳಗಿನಿಂದ ಬಡಿತ ಕೇಳತೊಡಗಿತು. ಬಿಚ್ಚಿ ನೋಡಿದರೆ ಬೇರಿಂಗುಗಳು ಉಜ್ಜಿ ಹೋಗಿದ್ದವು, ಕ್ರ್ಯಾಂಕಿನ ಮೇಲೆ ಗೀರು ಬಿದ್ದಿತ್ತು. ಆ ವರ್ಷದ ರಾಶಿ ಬಾಡಿಗೆ ಟ್ರ್ಯಾಕ್ಟರಿನಿಂದಾಯಿತು. ಸಾಮಾನು ಡೂಪ್ಲಿಕೇಟ್ ಎಂದು ಕೆಲವರು, ದೃಷ್ಟಿ ತಗುಲಿತೆಂದು ಕೆಲವರು ತೀರ್ಪು ಕೊಟ್ಟರು. ಆಯಿಲಿನ ಹೆಸರನ್ನು ಯಾರೂ ಎತ್ತಲಿಲ್ಲ.

ಹೊಸದಾಗಿ ಜೋಡಿಸಿದ ಎಂಜಿನ್ನಿನಲ್ಲಿ ಆಯಿಲ್ ಪಂಪು ಒಣಗಿರುತ್ತದೆ, ಫಿಲ್ಟರ್ ಖಾಲಿಯಿರುತ್ತದೆ, ಬೇರಿಂಗಿನವರೆಗಿನ ಕೊಳವೆದಾರಿಗಳೆಲ್ಲ ಬರಿದಾಗಿರುತ್ತವೆ. ಕೆಳಗಿನ ಚೇಂಬರಿನಲ್ಲಿ ತುಂಬಿರುವ ಆಯಿಲ್ ಮೇಲೇರಿ ಅಲ್ಲಿಗೆ ಮುಟ್ಟುವವರೆಗೆ ಲೋಹವು ಲೋಹವನ್ನು ಕಾಯುವುದು, ಜೋಡಿಸುವಾಗ ಸವರಿದ ತೆಳು ಪದರದ ಬಲದಿಂದ ಮಾತ್ರ. ಆ ಹೊತ್ತಿನಲ್ಲಿಯೇ ರೇಸ್ ಕೊಡುವುದು ಎಂಥ ವಿವೇಕ? ಇನ್ನು "ಜಾಸ್ತಿ ಇದ್ರ ಚಲೋ" ಎಂಬ ಮಾತು ಶುದ್ಧ ಅಜ್ಞಾನ. ಮಟ್ಟ ಮೀರಿದ ಆಯಿಲಿಗೆ ತಿರುಗುವ ಕ್ರ್ಯಾಂಕ್ ಬಡಿದು, ಮಜ್ಜಿಗೆ ಕಡೆದಂತೆ ನೊರೆಯೇಳುತ್ತದೆ. ನೊರೆಯೆಂದರೆ ಗಾಳಿ, ಗಾಳಿ ಬೇರಿಂಗನ್ನು ಕಾಯುವುದಿಲ್ಲ. ಸೀಲುಗಳು ಸೋರುತ್ತವೆ, ಹೊಗೆ ಬರುತ್ತದೆ. ಡೀಸೆಲ್ ಎಂಜಿನ್ ಆ ಆಯಿಲನ್ನೇ ಉರುವಲಾಗಿ ಕುಡಿದು ಹಿಡಿತ ತಪ್ಪಿ ಓಡುವುದೂ ಉಂಟು.

1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ನನ್ನ ವಯಸ್ಸಿನವರು ಬಲ್ಲರು. ಅದರ ಕುಲದ ಎಂಜಿನ್ನೇ 1962ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿನಲ್ಲಿಯೂ ಇತ್ತು. ಇಂಥ ಕಾರುಗಳನ್ನು ಹವ್ಯಾಸಕ್ಕಾಗಿ ಕಟ್ಟುವವರು ಮೊದಲ ಆಯಿಲಿಗಾಗಿ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಬೆಂಕಿಯಿಲ್ಲದೆ ಎಂಜಿನ್ ತಿರುಗಿಸಿ, ಆಯಿಲಿನ ಒತ್ತಡ ಏರಿದ ಮೇಲೆಯೇ ಸ್ಟಾರ್ಟ್ ಮಾಡುತ್ತಾರೆ. ಭಾನುವಾರದ ವಿಹಾರದ ಕಾರಿಗೆ ಸಲ್ಲುವ ಈ ಮರ್ಯಾದೆ, ಒಂದು ಮನೆಯ ಅನ್ನ ದುಡಿಯುವ ಟ್ರ್ಯಾಕ್ಟರಿಗೆ ಏಕೆ ಸಲ್ಲಬಾರದು?

"ನಮ್ಮಪ್ಪನ ಕಾಲಕ್ಕ ಇದೆಲ್ಲ ಎಲ್ಲಿತ್ರೀ?" ಎಂದು ವಾದಿಸುವವರಿದ್ದಾರೆ. ಇತ್ತು. ಭೀಮೆಯ ದಂಡೆಯಲ್ಲಿ ನೀರೆತ್ತುವ ಎಂಜಿನ್ ನಡೆಸುತ್ತಿದ್ದ ನಮ್ಮ ಹಿರಿಯರೊಬ್ಬರು ಬೆಳಗ್ಗೆ ಕಡ್ಡಿ ಒರೆಸಿ ನೋಡದೆ ಹ್ಯಾಂಡಲಿಗೆ ಕೈ ಹಾಕುತ್ತಿರಲಿಲ್ಲ. ಇಂದು ಎರೆ ಹೊಲದ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಬಂದ್ ಮಾಡಿದೊಡನೆ ಕಡ್ಡಿ ಎಳೆದು, ಒರೆಸದೆಯೇ "ಬರೋಬರಿ ಅದ" ಎನ್ನುತ್ತಾರೆ. ಅದು ಪರೀಕ್ಷೆಯಲ್ಲ, ಶಾಸ್ತ್ರ. ಸಮನೆಲ ಬೇಕು, ಆಯಿಲ್ ಕೆಳಗಿಳಿಯಲು ಕೆಲವು ನಿಮಿಷ ಬೇಕು, ಒರೆಸಿ, ಪೂರ್ತಿ ಇಳಿಸಿ, ಮತ್ತೆ ಎಳೆದು ನೋಡಬೇಕು. ಎರಡು ಗೆರೆಗಳ ನಡುವೆ ಇರಬೇಕು, ಮೇಲಿನದನ್ನು ದಾಟಬಾರದು.

ಎಂಟನೆಯ ತರಗತಿಗೆ ಘರ್ಷಣೆಯ ಪಾಠವನ್ನು ವರ್ಷವರ್ಷವೂ ಮಾಡಿದ ನಾನು ಒಮ್ಮೆಯೂ ಮಕ್ಕಳನ್ನು ಒಂದು ಟ್ರ್ಯಾಕ್ಟರಿನ ಬಳಿ ಕರೆದೊಯ್ಯಲಿಲ್ಲ. ಬೈಯುವಾಗ ಆ ಬೈಗುಳದ ಪಾಲು ನನಗೂ ಸೇರಿದೆ.

ಎರಡನೆಯ ಸಲ ಎಂಜಿನ್ ಕಟ್ಟಿಸಿದಾಗ ಮಾತ್ರ ನಾನು ಪಕ್ಕದಿಂದ ಕದಲಲಿಲ್ಲ. ಅಳೆದು ಸುರಿಸಿದೆ, ಫಿಲ್ಟರ್ ತುಂಬಿಸಿಯೇ ಕೂಡಿಸಿದರು. ಬಂದ್ ಮಾಡುವ ಗುಂಡಿಯನ್ನು ಎಳೆದು ಹಿಡಿದು, ಬ್ಯಾಟರಿಗೆ ಬಿಡುವು ಕೊಡುತ್ತ, ಸೆಲ್ಫನ್ನು ತುಸುತುಸುವೇ ಹೊಡೆಸಿದೆ. ನೆರೆದ ಜನಕ್ಕೆ ಬೇಸರ ಬಂತು. "ಮಾಸ್ತರ್ ಕೈ ಹಚ್ಚ್ಯಾರ, ಇನ್ನ ಚಾಲೂ ಆದಂಗೇ" ಎಂದೊಬ್ಬ ನಕ್ಕ. ಕೊನೆಗೆ ಆಯಿಲ್ ದೀಪ ಆರಿತು. ಸ್ಟಾರ್ಟ್ ಮಾಡಿ, ತುಸು ಓಡಿಸಿ, ಬಂದ್ ಮಾಡಿ, ಕಾದು ಕಡ್ಡಿ ಎಳೆದರೆ ಮಟ್ಟ ಇಳಿದಿತ್ತು. ಅರ್ಧ ಲೀಟರ್ ಮತ್ತೆ ಅಳೆದು ಹಾಕಿದೆವು.