‘ಕೊರೊನಾದಲ್ಲಿ ಕುಂತು ಸಂಬಳ ತಿಂದ್ರು’ ಅನ್ನೋರಿಗೆ

1/6
ಫೋಟೊ ಕೆಮ್ಮಣ್ಣುಗುಂಡಿದು. ಮಂಜು ನೋಡಿ ಲೈಕ್ ಒತ್ತೋರು ಒತ್ತಿ, ಆದ್ರೆ ಈ ಸಲ ಕ್ಯಾಪ್ಷನ್ನೂ ಓದಿ. ಉದ್ದ ಇದೆ, ಆರು ಪೋಸ್ಟ್.

ವಾರದಿಂದ ಒಂದು ರೀಲ್ ನಮ್ಮ ಕ್ಲಾಸ್ ಗ್ರೂಪಲ್ಲಿ ಓಡಾಡ್ತಿದೆ. ಮೇಷ್ಟ್ರ ವೇಷ ಹಾಕಿದ ಒಬ್ಬ ಮಂಚದ ಮೇಲೆ ಬಿದ್ಕೊಂಡು ಫೋನ್ ನೋಡ್ತಾನೆ. ಕೆಳಗೆ ಬರಹ: ಕೊರೊನಾ ಟೈಮಲ್ಲಿ ಮೇಷ್ಟ್ರು, ಕೆಲಸ ಸೊನ್ನೆ, ಸಂಬಳ ಫುಲ್. ಅದಕ್ಕೆ ನಗೋ ಇಮೋಜಿಗಳ ಸಾಲು. ಹಾಕಿದವರೆಲ್ಲ 2021ರ ಎಸ್ಸೆಸ್ಸೆಲ್ಸಿ ಬ್ಯಾಚಿನವರೇ, ಅಂದ್ರೆ ಆ ಮೇಷ್ಟ್ರುಗಳ ಕೈಲೇ ಓದಿದವರು.

ಗುರು, ಪುಸ್ತಕದಲ್ಲಿ ಎಂಟ್ರಿ ಇಲ್ಲ ಅಂದ ಮಾತ್ರಕ್ಕೆ ಖರ್ಚೇ ಆಗಿಲ್ಲ ಅಂತೀವಾ? ಬಿಕಾಂ ಮೊದಲ ಸೆಮಿಸ್ಟರ್‌ನಲ್ಲೇ ಕಲಿತ ಪಾಠ ಇದು. ಆ ಎರಡು ವರ್ಷ ಮೇಷ್ಟ್ರುಗಳ ಕೈಲಿ ಸಿಕ್ಕಾಪಟ್ಟೆ ಕೆಲಸ ಮಾಡಿಸಿದ್ರು, ಯಾರೂ ಲೆಕ್ಕ ಇಡಲಿಲ್ಲ. ಲೆಕ್ಕ ಇಡದ ಕೆಲಸವನ್ನ ಇವತ್ತು ‘ಮಾಡದ ಕೆಲಸ’ ಅಂತ ರೀಲ್ ಮಾಡ್ತಿದ್ದೀರ.

2/6
ಸ್ವಲ್ಪ ತಾರೀಕು ನೋಡೋಣ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ್ರು. ಮುಚ್ಚಿದ್ದು ನಮಗೆ. ಮೇಷ್ಟ್ರುಗಳನ್ನ ಮನೆಮನೆ ಸರ್ವೆಗೆ, ಸೋಂಕಿತರ ಜೊತೆ ಓಡಾಡಿದವರನ್ನ ಹುಡುಕೋಕೆ, ಚೆಕ್‌ಪೋಸ್ಟಿಗೆ ಹಾಕಿದ್ರು. ಬಿಸಿಯೂಟ ನಿಂತಿತ್ತಲ್ಲ, ಅದರ ಅಕ್ಕಿ ಬೇಳೆ ಅಳೆದು ಮಕ್ಕಳಿಗೆ ಹಂಚಿದ್ದೂ ಅವರೇ. ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ, ಎಂಟು ಲಕ್ಷ ಮಕ್ಕಳು, ಕೊಠಡಿಯಲ್ಲಿ ನಿಂತವರು ಯಾರು?

ಆಗಸ್ಟಲ್ಲಿ ವಿದ್ಯಾಗಮ ಬಂತು. ನೆನಪಿದ್ಯಾ, ವಠಾರ ಶಾಲೆ? ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ಕೆಳಗೆ. ಸ್ಮಾರ್ಟ್‌ಫೋನ್ ಇರೋರು, ಕೀಪ್ಯಾಡ್ ಫೋನ್ ಇರೋರು, ಏನೂ ಇಲ್ಲದವರು ಅಂತ ಮೂರು ಗುಂಪು. ಒಬ್ಬರೇ ಮೇಷ್ಟ್ರು ಮೂರು ಥರ ಪಾಠ ಮಾಡ್ಬೇಕು. ಯೋಜನೆ ಕೆಟ್ಟದ್ದು ಅಂತ ನಾನು ಹೇಳಲ್ಲ, ನಮ್ಮ ಮಲೆನಾಡಲ್ಲಿ ಫೋನಿಲ್ಲದ ಮಕ್ಕಳ ಹತ್ರ ಬಂದಿದ್ದು ಅದೇ. ಆದ್ರೆ ಊರೂರು ತಿರುಗಿದ ಮೇಷ್ಟ್ರುಗಳಿಗೂ ಮಕ್ಕಳಿಗೂ ಸೋಂಕು ಬಂದ ಸುದ್ದಿ ಬರೋಕೆ ಶುರುವಾಯ್ತು. ಅಕ್ಟೋಬರಲ್ಲಿ ವಿದ್ಯಾಗಮ ನಿಲ್ಲಿಸಿ, 12ರಿಂದ 30ರವರೆಗೆ ರಜೆ ಕೊಟ್ರು. ಡಿಸೆಂಬರ್ 22 ಮತ್ತು 27ಕ್ಕೆ ಗ್ರಾಮ ಪಂಚಾಯ್ತಿ ಚುನಾವಣೆ, ಮತ್ತೆ ಡ್ಯೂಟಿ. ಜನವರಿ 1ರಿಂದ ಹತ್ತನೇ ಕ್ಲಾಸು ಶುರು. ಏಪ್ರಿಲ್‌ಗೆ ಎರಡನೇ ಅಲೆ.

ಮಂಚದ ಮೇಲೆ ಬಿದ್ಕೊಳ್ಳೋ ಟೈಮ್ ಎಲ್ಲಿತ್ತು, ತೋರಿಸಿ.

3/6
ಲಿಂಗದಹಳ್ಳಿಯಿಂದ ಗಾಡಿ ಹತ್ತಿಸಿದವರಿಗೆ ಗೊತ್ತು. ಕಲ್ಲತ್ತಿಗಿರಿ ದಾಟಿದ ಮೇಲೆ ಎಷ್ಟೋ ತಿರುವುಗಳಲ್ಲಿ ಫೋನು ಬರೀ ಕ್ಯಾಮೆರಾ. ಝಡ್ ಪಾಯಿಂಟ್ ನೋಡೋಕೆ ಬಂದ ಬೆಂಗಳೂರಿನವರು ಅದನ್ನ ‘ಡಿಜಿಟಲ್ ಡಿಟಾಕ್ಸ್’ ಅಂತ ಸ್ಟೋರಿ ಹಾಕ್ತಾರೆ (ಕೆಳಗಿಳಿದು ಸಿಗ್ನಲ್ ಸಿಕ್ಕಿದ ಮೇಲೆ, ಇರ್ಲಿ ಬಿಡಿ). ಆ ಸಿಗ್ನಲ್ಲಿನಲ್ಲೇ ಆನ್‌ಲೈನ್ ಕ್ಲಾಸ್ ನಡೆಸಿ ಅಂದ್ರೆ?

ನಮ್ಮ ಗಣಿತದ ಮಿಸ್ ರಾತ್ರಿ ಪಾಠ ಮಾಡ್ತಿದ್ರು. ಯಾಕೆ ಗೊತ್ತಾ? ಎಸ್ಟೇಟ್ ಲೈನ್ ಮನೆಗಳಲ್ಲಿ ಮನೆಗೊಂದೇ ಫೋನು, ಅದು ಬೆಳಗ್ಗೆ ಅಪ್ಪನ ಜೇಬಲ್ಲಿ ತೋಟಕ್ಕೆ ಹೋಗೋದು. ಅಪ್ಪ ಬಂದು, ಊಟ ಆಗಿ, ಫೋನು ಮಗಳ ಕೈಗೆ ಬರೋಷ್ಟರಲ್ಲಿ ಎಂಟು ಗಂಟೆ. ಆಮೇಲೆ ಶುರು: ಮಿಸ್ ಈ ಲೆಕ್ಕ ಬರ್ತಿಲ್ಲ, ಮಿಸ್ ವಿಡಿಯೊ ಓಪನ್ ಆಗ್ತಿಲ್ಲ. ಹನ್ನೊಂದು ಗಂಟೆಗೂ ಮಿಸ್ ವಾಯ್ಸ್ ನೋಟ್ ಕಳಿಸ್ತಿದ್ರು, ಹಿಂದೆ ಅವರ ಮಗು ಅಳೋದು ಕೇಳಿಸ್ತಿತ್ತು. ಬೆಳಗ್ಗೆ ಎದ್ರೆ ಸರ್ವೆ. ಅದು ಮುಗಿದ್ರೆ ಗೂಗಲ್ ಫಾರ್ಮ್: ಚಂದನದ ‘ಸಂವೇದ’ ಪಾಠ ಎಷ್ಟು ಮಕ್ಕಳು ನೋಡಿದ್ರು, ಎಷ್ಟು ಮಕ್ಕಳ ಮನೇಲಿ ಟಿವಿ ಇದೆ, ಸಂಜೆ ಐದರೊಳಗೆ ಕಳಿಸಿ. ಹಗಲೊಂದು ಡ್ಯೂಟಿ, ರಾತ್ರಿ ಇನ್ನೊಂದು, ಸಂಬಳ ಒಂದೇ.

2021ರ ಮಳೆಗಾಲದ ಹೊತ್ತಿಗೆ ಮಿಸ್ ಬದಲಾಗಿದ್ರು. ಡೌಟ್ ಕೇಳಿದ್ರೆ ಒಂದು ಥಂಬ್ಸ್‌ಅಪ್, ಅಷ್ಟೆ. ‘ಮಿಸ್‌ಗೆ ಕೊಬ್ಬು’ ಅಂದವರು ಈ ಪೋಸ್ಟನ್ನೂ ಓದ್ತಿದ್ದಾರೆ, ಓದಲಿ.

4/6
ಅದಕ್ಕೆ ಹೆಸರಿದೆ: ಬರ್ನೌಟ್. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ವಿವರಣೆ ನೋಡಿ. ಕೆಲಸದ ಜಾಗದ ದೀರ್ಘಕಾಲದ ಒತ್ತಡವನ್ನ ಸರಿಯಾಗಿ ನಿಭಾಯಿಸದೆ ಬಿಟ್ಟರೆ ಹುಟ್ಟೋದು. ಲಕ್ಷಣ ಮೂರು: ಶಕ್ತಿ ಬತ್ತಿ ಹೋಗೋದು, ಕೆಲಸದ ಮೇಲೇ ಜಿಗುಪ್ಸೆ ಬರೋದು, ಮಾಡೋ ಕೆಲಸ ಕೈಗೆ ಹತ್ತದೇ ಇರೋದು. ಅದನ್ನ ಅವರು ಕಾಯಿಲೆ ಅಂತ ವರ್ಗೀಕರಿಸಲಿಲ್ಲ, ಕೆಲಸಕ್ಕೆ ಸಂಬಂಧಿಸಿದ್ದು ಅಂದ್ರು. ಅಂದ್ಮೇಲೆ ರಿಪೇರಿ ಆಗ್ಬೇಕಾದ್ದು ಕೆಲಸ. ಮಿಸ್‌ಗೆ ಸಿಕ್ಕಿದ ಔಷಧಿ ಏನು? ಒತ್ತಡ ನಿರ್ವಹಣೆ ಬಗ್ಗೆ ಒಂದು ವೆಬಿನಾರ್. ಇಡೀ ದಿನ ಫೋನ್ ಹಿಡಿದವರಿಗೆ ಇನ್ನೊಂದು ಗಂಟೆ ಫೋನು, ಹಾಜರಿ ಕಡ್ಡಾಯ.

‘ಆದ್ರೂ ಸಂಬಳ ಬಂತಲ್ಲ’ ಅನ್ನೋರಿಗೆ: ಗೌರ್ಮೆಂಟ್ ಮೇಷ್ಟ್ರಿಗೆ ಬಂತು, ನಿಜ. ಕೂಲಿಯವರಿಗೆ ಅದೂ ಇರಲಿಲ್ಲ, ಅದೂ ನಿಜ. ಖಾಸಗಿ ಶಾಲೆ ಟೀಚರ್‌ಗಳು? ಎಷ್ಟೋ ಜನಕ್ಕೆ ಅರ್ಧ ಸಂಬಳ, ಕೆಲವರಿಗೆ ಅದೂ ಇಲ್ಲ. 2021ರ ಜೂನ್‌ನಲ್ಲಿ ಸರ್ಕಾರ ಅನುದಾನರಹಿತ ಶಾಲೆ ಶಿಕ್ಷಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು, ಒಂದೇ ಸಲ. ಶಾಲೆ ಮುಚ್ಚಿ ಆಗಲೇ 15 ತಿಂಗಳು. ಭಾಗಿಸಿ: ತಿಂಗಳಿಗೆ 333 ರೂಪಾಯಿ. ನಮ್ಮ ಕಡೆ ಒಬ್ಬ ಟೀಚರ್ ಆ ವರ್ಷ ಕಾಫಿ ಕುಯ್ಯೋಕೆ ಹೋದ್ರು, ತಮ್ಮದೇ ಶಾಲೆಯ ಮಕ್ಕಳ ಅಮ್ಮಂದಿರ ಪಕ್ಕದ ಸಾಲಲ್ಲಿ. ಇದನ್ನ ಯಾಕೆ ಯಾರೂ ರೀಲ್ ಮಾಡಲ್ಲ?

5/6
ಲೆಕ್ಕದ ನಿಯಮ ಬರೆಯೋರು ಯಾರು ಅನ್ನೋದು ಎಷ್ಟು ಮುಖ್ಯ ಅನ್ನೋಕೆ ಉತ್ತರ ಪ್ರದೇಶದ್ದೊಂದು ಉದಾಹರಣೆ. 2021ರ ಏಪ್ರಿಲ್‌ನಲ್ಲಿ ಅಲ್ಲಿ ಪಂಚಾಯ್ತಿ ಚುನಾವಣೆ. ಡ್ಯೂಟಿಗೆ ಹೋಗಿ ಕೋವಿಡ್‌ನಿಂದ ಸತ್ತ ಶಿಕ್ಷಕರು, ಸಿಬ್ಬಂದಿ 1,621 ಅಂತ ಶಿಕ್ಷಕರ ಸಂಘ ಪಟ್ಟಿ ಕೊಟ್ಟಿತು. ಸರ್ಕಾರ ಹೇಳಿದ್ದು ಮೂರು. ಮೂರು ನೂರಲ್ಲ, ಬರೀ ಮೂರು! ಮನೆ ಬಿಟ್ಟು ಡ್ಯೂಟಿಗೆ ಹೊರಟು ವಾಪಸ್ ಮನೆ ಸೇರೋದರೊಳಗೆ ಸತ್ರೆ ಮಾತ್ರ ಡ್ಯೂಟಿಯ ಸಾವು ಅನ್ನೋ ನಿಯಮ. ಸೋಂಕು ಹತ್ತಿ ಸಾಯೋಕೆ ದಿನಗಳು ಬೇಕಾಗುತ್ತೆ ಅಂತ ಆ ನಿಯಮಕ್ಕೆ ಗೊತ್ತಿರಲಿಲ್ಲ. ಜನ ಸಿಟ್ಟಾದ ಮೇಲೆ ನಿಯಮ ಬದಲಾಯಿಸೋ ಮಾತು ಬಂತು.

ಅದೇ ತಿಂಗಳು 17ಕ್ಕೆ ನಮ್ಮಲ್ಲೂ ಬಸವಕಲ್ಯಾಣ, ಮಸ್ಕಿ, ಬೆಳಗಾವಿ ಉಪಚುನಾವಣೆ ಆಯ್ತು. ಡ್ಯೂಟಿ ಮುಗಿಸಿ ಬಂದು ಸೋಂಕಿಂದ ತೀರಿಕೊಂಡ ಮೇಷ್ಟ್ರುಗಳ ಸುದ್ದಿ ಪೇಪರಲ್ಲಿ ಬಂದಿತ್ತು. ಆ ಮನೆಯವರ ಫೋನಿಗೂ ನಿಮ್ಮ ರೀಲ್ ಹೋಗಿರುತ್ತೆ.

6/6
‘ಅದು ಮುಗಿದ ಕಥೆ, ಈಗ್ಯಾಕೆ’ ಅಂತ ಒಬ್ಬ ಫ್ರೆಂಡ್ ಡಿಎಂ ಮಾಡಿದ. ಮುಗಿದಿಲ್ಲ ಕಣೋ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ತೆಗೆದು ಓದು: ಶಿಕ್ಷಕರನ್ನ ಪಾಠದ ಹೊರಗಿನ ಕೆಲಸಕ್ಕೆ ಹಾಕಬಾರದು, ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು. 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೀತು. ಮನೆಮನೆಗೆ ಹೋದವರು ಮತ್ತೆ ಮೇಷ್ಟ್ರುಗಳೇ. 60 ಪ್ರಶ್ನೆ, ಆ್ಯಪ್, ಒಟಿಪಿ. ಮುಗೀಲಿಲ್ಲ ಅಂತ ದಸರಾ ರಜೆಯನ್ನ ಅಕ್ಟೋಬರ್ 18ರವರೆಗೆ ಎಳೆದ್ರು. ಸಮೀಕ್ಷೆ ಬೇಡ ಅಂತಿಲ್ಲ ನಾನು, ಗೌರವಧನ ಇತ್ತು ಅನ್ನೋದೂ ಗೊತ್ತು. ಆದ್ರೆ ಅದು ಆ ಮೂರರಲ್ಲಿ ಯಾವುದಕ್ಕೆ ಸೇರುತ್ತೆ, ನೀನೇ ಹೇಳು. ಒಟಿಪಿಗೆ ಸಿಗ್ನಲ್ ಹುಡುಕ್ಕೊಂಡು ಗುಡ್ಡ ಹತ್ತಿದವರಿಗೆ 2020 ಮುಗಿದಿದೆಯಾ? ಇನ್ನು 2027ರ ಜನಗಣತಿ ಬೇರೆ.

ಮೈಗಳ್ಳ ಮೇಷ್ಟ್ರು ಇದ್ದಾರೆ, ನಾವೇ ನೋಡಿದ್ದೀವಿ. ಅವರನ್ನ ಹಿಡಿಯೋಕಾದ್ರೂ ಲೆಕ್ಕ ಬೇಕಲ್ವಾ? ನಾನು ಕೇಳೋದು ಒಂದು ಬೋರ್ಡು. ಬಿಸಿಯೂಟದ ಮೆನು ಇರೋ ಗೋಡೆ ಮೇಲೇ ಬರೆಯಲಿ: ಈ ತಿಂಗಳು ಈ ಶಾಲೆಯ ಮೇಷ್ಟ್ರುಗಳು ಪಾಠ ಬಿಟ್ಟು ಬೇರೆ ಕೆಲಸ ಮಾಡಿದ ದಿನ ಇಷ್ಟು, ಯಾರ ಆದೇಶ, ದುಡ್ಡು ಬಂತೋ ಇಲ್ವೋ. ಅಪ್ಪ ಅಮ್ಮ ಓದಲಿ, ಎಸ್‌ಡಿಎಂಸಿ ಓದಲಿ.

ಅಲ್ಲಿವರೆಗೆ ಲೆಕ್ಕ ಇಲ್ಲೇ ಇಡೋಣ. 2020-21ರಲ್ಲಿ ನಿಮ್ಮ ಮೇಷ್ಟ್ರು, ಮಿಸ್ಸು ಪಾಠದ ಹೊರಗೆ ಏನೇನು ಕೆಲಸ ಮಾಡಿದ್ದು ನೀವು ಕಣ್ಣಾರೆ ನೋಡಿದ್ರಿ? ಕಾಮೆಂಟಲ್ಲಿ ಹಾಕಿ. ಅವರ ಹೆಸರು, ಶಾಲೆ ಹೆಸರು ಬೇಡ, ಅವರು ಇನ್ನೂ ಸರ್ವೀಸಲ್ಲಿದ್ದಾರೆ. ತಾಲ್ಲೂಕು, ಕೆಲಸ, ಎಷ್ಟು ದಿನ, ಅಷ್ಟು ಸಾಕು. ಎಕ್ಸೆಲ್ ಶೀಟ್ ನಾನು ಮಾಡ್ತೀನಿ.

#ಕೆಮ್ಮಣ್ಣುಗುಂಡಿ #ತರೀಕೆರೆ #ಮೇಷ್ಟ್ರಲೆಕ್ಕ #2021ಬ್ಯಾಚ್