ಕಲಾಯಿಯೋ, ಗಿಲೀಟೋ?

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ದೊಡ್ಡಪ್ಪನ ಮಗ ಅಮೆರಿಕದ ಟೆಕ್ಸಾಸಿನಿಂದ ಊರಿಗೆ ಬಂದಿದ್ದ. ಅಲ್ಲಿ ಅವನಿಗೆ ಗುರಿ ಹೊಡೆಯುವ ಹವ್ಯಾಸ ಅಂಟಿಕೊಂಡಿದೆ, ಎ.ಆರ್.-೧೫ ಎಂಬ ಜಾತಿಯ ರೈಫಲ್ಲೊಂದನ್ನು ಇಟ್ಟುಕೊಂಡಿದ್ದಾನೆ. ನಾನು ಕಾಲೇಜಿನ ಎನ್.ಸಿ.ಸಿ.ಯಲ್ಲಿ ಪಾಯಿಂಟ್ ಟೂ-ಟೂ ರೈಫಲ್ಲನ್ನು ಮುಟ್ಟಿ ಬಲ್ಲವನಾದ್ದರಿಂದ, ಒಂದು ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ತಾನು ಕೊಳ್ಳಬೇಕೆಂದಿರುವ ಒಂದು ಭಾಗದ ಚಿತ್ರವನ್ನು ಫೋನಿನಲ್ಲಿ ತೋರಿಸಿದ. ಬೋಲ್ಟು, ಮತ್ತು ಅದನ್ನು ಹೊತ್ತು ಹಿಂದಕ್ಕೂ ಮುಂದಕ್ಕೂ ಓಡುವ ಕ್ಯಾರಿಯರ್, ಇವುಗಳ ಜೋಡಣೆ ಅದು. ಟೈಟಾನಿಯಂ ನೈಟ್ರೈಡಿನ ಲೇಪನವಿದ್ದುದರಿಂದ ಅಪ್ಪಟ ಬಂಗಾರದಂತೆ ಥಳಥಳಿಸುತ್ತಿದ್ದಿತು. ಪಕ್ಕದಲ್ಲಿದ್ದ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, "ಚಿನ್ನದ್ದೇನೋ ಅದು?" ಎಂದರು. "ಅಲ್ಲಜ್ಜಿ, ಗಿಲೀಟು," ಎಂದುಬಿಟ್ಟೆ. ಅಣ್ಣನಿಗೆ ಸಿಟ್ಟು ಬಂದಿತು. ಅವನು ವಿಮಾನ ಹತ್ತುವವರೆಗೂ ನಮ್ಮಿಬ್ಬರಿಗೆ ಇದೇ ವಾದ. ಈ ಲೇಖನ ಆ ವಾದದ ಶೇಷಭಾಗ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬಂದೂಕಿನ ಮಾತೇಕೆ ಎಂದು ಗುರುಗಳು ಹುಬ್ಬೇರಿಸಬಹುದು. ಆದರೆ ಒಂದು ವಸ್ತುವಿನ ಮೇಲೆ ಬಳಿದದ್ದು ಯಾವಾಗ ಉಪಯೋಗ, ಯಾವಾಗ ಆಡಂಬರ ಎಂಬ ಪ್ರಶ್ನೆ ವಿಜ್ಞಾನ ವಿದ್ಯಾರ್ಥಿಗಳೊಬ್ಬರ ಸ್ವತ್ತೇನೂ ಅಲ್ಲ. ನಮ್ಮ ಅಡಿಗೆಮನೆಗಳಲ್ಲಿ ಹಿತ್ತಾಳೆಯ ಪಾತ್ರೆಗಳಿದ್ದ ಕಾಲಕ್ಕೆ ಕಲಾಯಿಯವನು ಬೀದಿಗೆ ಬಂದು ತಿದಿಯೊತ್ತಿ, ನವಸಾಗರ ಉದುರಿಸಿ, ಕಾದ ಪಾತ್ರೆಯ ಒಳಮೈಗೆ ತವರವನ್ನು ಹತ್ತಿಯಿಂದ ತೀಡುತ್ತಿದ್ದನಂತೆ. ಕಲಾಯಿಯಿಲ್ಲದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬೆದ್ದು ಊಟವೇ ವಿಷವಾಗುತ್ತಿತ್ತು. ಗಮನಿಸಿ: ಕಲಾಯಿ ಹಾಕುತ್ತಿದ್ದುದು ಪಾತ್ರೆಯ ಒಳಕ್ಕೆ, ಯಾರ ಕಣ್ಣಿಗೂ ಬೀಳದ ಕಡೆಗೆ. ಗಿಲೀಟಾದರೋ ಹೊರಕ್ಕೆ. ಅಣ್ಣನ ಬೋಲ್ಟಿನ ವಿಚಾರದಲ್ಲಿಯೂ ನಾನು ಕೇಳುವುದು ಇದನ್ನೇ.

ಮೊದಲು ಈ ಯಂತ್ರ ನಡೆಯುವ ಬಗೆಯನ್ನು ಒಂದಿಷ್ಟು ಹೇಳಬೇಕು. ಎ.ಆರ್.-೧೫ನ್ನು ರೂಪಿಸಿದವನು ಆರ್ಮಲೈಟ್ ಕಂಪನಿಯ ಯೂಜೀನ್ ಸ್ಟೋನರ್. ೧೯೫೯ರಲ್ಲಿ ಅದರ ಹಕ್ಕು ಕೋಲ್ಟ್ ಕಂಪನಿಗೆ ಹೋಯಿತು. ಎಂ-೧೬ ಎಂಬ ಹೆಸರಿನಲ್ಲಿ ಅಮೆರಿಕದ ಸೈನ್ಯವನ್ನು ಸೇರಿತು. ಗುಂಡು ನಳಿಗೆಯಲ್ಲಿ ಸಾಗುವಾಗ ಅದರ ಹಿಂದಿನ ಬಿಸಿ ಅನಿಲದ ಒಂದು ಪಾಲು ಸಣ್ಣ ಕೊಳವೆಯ ಮೂಲಕ ಹಿಂದಕ್ಕೆ ಬಂದು ನೇರವಾಗಿ ಕ್ಯಾರಿಯರ್‌ನ ಹೊಟ್ಟೆಯೊಳಕ್ಕೆ ನುಗ್ಗುತ್ತದೆ. ಕ್ಯಾರಿಯರ್ ಹಿಂದಕ್ಕೆ ಸರಿಯುತ್ತದೆ, ಬೋಲ್ಟು ತಿರುಗಿ ಬೀಗ ಬಿಚ್ಚಿಕೊಳ್ಳುತ್ತದೆ, ಸುಟ್ಟ ತೋಟಾದ ಕೊಪ್ಪರಿಗೆ ಹೊರಬೀಳುತ್ತದೆ. ನಮ್ಮ ಸೈನ್ಯದ ಇನ್ಸಾಸ್ ರೈಫಲ್ಲಿನಲ್ಲಿ ಅನಿಲವು ನಳಿಗೆಯ ಬಳಿಯ ಪಿಸ್ಟನ್ನನ್ನು ತಳ್ಳಿ ಅಲ್ಲಿಯೇ ತನ್ನ ಕೆಲಸ ಮುಗಿಸುತ್ತದೆ. ಸ್ಟೋನರನ ಯಂತ್ರದಲ್ಲಿ ಮಸಿಯೂ ಬಿಸಿಯೂ ಬೋಲ್ಟಿನ ಮನೆಯೊಳಕ್ಕೇ ಅತಿಥಿಗಳಾಗಿ ಬರುತ್ತವೆ. ಆದುದರಿಂದಲೇ ಕ್ಯಾರಿಯರ್‌ನ ಒಳಮೈಗೆ ಗಟ್ಟಿ ಕ್ರೋಮಿಯಂ ಲೇಪಿಸುವುದು ಸೈನ್ಯದ ಕ್ರಮ. ಹೊರಮೈಗೆ ಮ್ಯಾಂಗನೀಸ್ ಫಾಸ್ಫೇಟು. ಬೂದುಗಪ್ಪು ಬಣ್ಣ, ಒರಟು ಮೈ, ನೋಡಲು ಏನೂ ಚೆಂದವಿಲ್ಲ. ಆದರೆ ಪಳಗಿದ ದೋಸೆಯ ಕಾವಲಿಯಂತೆ ಅದು ಎಣ್ಣೆಯನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ.

ಲೇಪನವೆಲ್ಲ ವ್ಯರ್ಥವೆಂದು ನಾನು ಹೇಳುವವನಲ್ಲ. ಹಾಗೆ ಹೇಳಿದರೆ ವಿಯಟ್ನಾಮಿನಲ್ಲಿ ಸತ್ತ ಹುಡುಗರಿಗೆ ಅಪಚಾರವಾದೀತು. ೧೯೬೫ರಿಂದ ೧೯೬೭ರವರೆಗೆ ಆ ದೇಶದ ಮಳೆ, ಕೆಸರು, ಸೆಕೆಗಳ ನಡುವೆ ಎಂ-೧೬ ರೈಫಲ್ಲುಗಳು ಹೊಡೆದಾಟದ ಮಧ್ಯೆ ಕಚ್ಚಿಕೊಂಡು ನಿಂತವು. ತೋಟಾ ಕೂರುವ ಗೂಡಿಗೆ ಕ್ರೋಮಿಯಂ ಲೇಪನವಿರಲಿಲ್ಲ. ಗೂಡು ತುಕ್ಕು ಹಿಡಿದು ಗುಳಿ ಬಿದ್ದಿತು. ಸುಟ್ಟ ಕೊಪ್ಪರಿಗೆ ಅಲ್ಲಿ ಅಂಟಿ ಹೊರಬರಲೊಲ್ಲದು. ನಳಿಗೆಯ ಬಾಯಿಯಿಂದ ಉದ್ದನೆಯ ಸರಳನ್ನು ತೂರಿಸಿ ಅದನ್ನು ಕುಟ್ಟಿ ತೆಗೆಯಬೇಕಾಯಿತು. ಇದರ ಜೊತೆಗೆ ೧೯೬೪ರಲ್ಲಿ ತೋಟಾದ ಮದ್ದನ್ನೂ ಬದಲಿಸಿದ್ದರು. ಹೊಸ ಮದ್ದು ಯಂತ್ರದ ಓಟವನ್ನು ಹೆಚ್ಚಿಸಿತು, ಮಸಿಯನ್ನೂ ಹೆಚ್ಚು ಬಿಟ್ಟಿತು. ಎಲ್ಲಕ್ಕಿಂತ ಘೋರವಾದ ಸಂಗತಿಯೆಂದರೆ, ಈ ರೈಫಲ್ಲಿಗೆ ಶುದ್ಧಿಯ ಆರೈಕೆ ಅಷ್ಟಾಗಿ ಬೇಡವೆಂಬ ಮಾತು ಹಬ್ಬಿ, ಎಷ್ಟೋ ಮಂದಿ ಸೈನಿಕರ ಕೈಗೆ ಅದನ್ನು ಒರೆಸುವ ಸಾಮಾನುಗಳೇ ಬರಲಿಲ್ಲ. ಸತ್ತ ಸಂಗಾತಿಗಳ ಪಕ್ಕದಲ್ಲಿ ಬಿಚ್ಚಿಹಾಕಿದ ರೈಫಲ್ಲುಗಳು ಬಿದ್ದಿದ್ದುವೆಂದು ಒಬ್ಬ ಮೆರೀನ್ ಯೋಧನು ೧೯೬೭ರಲ್ಲಿ ಮನೆಗೆ ಬರೆದ ಕಾಗದ ಪತ್ರಿಕೆಗಳಲ್ಲಿ ಪ್ರಕಟವಾಗಿ ಇಡೀ ದೇಶ ತಲ್ಲಣಿಸಿತು. ಆ ವರ್ಷವೇ ಅಮೆರಿಕದ ಸಂಸತ್ತಿನ ಸದಸ್ಯ ರಿಚರ್ಡ್ ಐಕಾರ್ಡನ ಉಪಸಮಿತಿ ವಿಚಾರಣೆ ನಡೆಸಿ, ಅಕ್ಟೋಬರಿನಲ್ಲಿ ಕಟುವಾದ ವರದಿಯನ್ನು ಕೊಟ್ಟಿತು. ಗೂಡಿಗೆ ಕ್ರೋಮಿಯಂ ಬಂದುದೂ ೧೯೬೭ರಲ್ಲಿಯೇ.

ಇದರಲ್ಲಿ ನನ್ನನ್ನು ಕಾಡಿದ ಒಂದು ವಿಪರ್ಯಾಸವಿದೆ. ಆರಂಭದ ಆ ರೈಫಲ್ಲುಗಳಲ್ಲಿ ಬೋಲ್ಟು ಕ್ಯಾರಿಯರ್‌ನ ಹೊರಮೈಗೂ ಕ್ರೋಮಿಯಂ ಇದ್ದಿತು, ಬೆಳ್ಳಿಯಂತೆ ಹೊಳೆಯುತ್ತಿದ್ದಿತು. ಗೂಡು ಮಾತ್ರ ಬರಿಯ ಉಕ್ಕು! ಪಾತ್ರೆಯ ಹೊರಗೆ ಕಲಾಯಿ ಹಾಕಿ ಒಳಗೆ ಹುಳಿ ಕುದಿಸಿದಂತೆ. ಜಪಾನಿನವರು ಎರಡನೆಯ ಮಹಾಯುದ್ಧದಲ್ಲಿ ಟೈಪ್-೯೯ ರೈಫಲ್ಲಿನ ನಳಿಗೆಗೆ ಕ್ರೋಮಿಯಂ ಲೇಪಿಸಿದ್ದರು; ರಷ್ಯನ್ನರು ಎ.ಕೆ.ಗೆ ಲೇಪಿಸಿದ್ದರು, ಅಷ್ಟೇಕೆ, ಅಮೆರಿಕದ ಸೈನ್ಯವೇ ತನ್ನ ಹಿಂದಿನ ಎಂ-೧೪ಕ್ಕೆ ಲೇಪಿಸಿತ್ತು. ತಿಳಿಯದೆ ಆದ ತಪ್ಪೆನ್ನಲು ಅವಕಾಶವೇ ಇಲ್ಲ.

ಈಗ ಪೇಟೆಯಲ್ಲಿ ದೊರೆಯುವ ವಿಶೇಷ ಲೇಪನಗಳಿಗೆ ಬರೋಣ. ನಿಕಲ್ ಬೋರಾನ್ ಬೆಳ್ಳಿಯ ಬಣ್ಣದ್ದು, ಟೈಟಾನಿಯಂ ನೈಟ್ರೈಡು ಬಂಗಾರದ್ದು, ವಜ್ರಸದೃಶ ಇಂಗಾಲವೆಂದು ಕರೆಯುವ ಡಿ.ಎಲ್.ಸಿ. ಕಾಡಿಗೆಗಪ್ಪು. ಫಾಸ್ಫೇಟಿನದಕ್ಕಿಂತ ಅನೇಕ ವೇಳೆ ಒಂದೂವರೆಪಟ್ಟು, ಎರಡುಪಟ್ಟು ಬೆಲೆ. ಇವು ಗಟ್ಟಿಯಾಗಿವೆ, ನುಣುಪಾಗಿವೆ. ಮಸಿ ಬೇಗ ಬಿಡುತ್ತದೆ. ಚಿಂದಿಯಿಂದ ಎರಡು ಬಾರಿ ಒರೆಸಿದರೆ ಕನ್ನಡಿಯಂತಾಗುತ್ತದೆ. ಒಣಗಲು ಬಿಟ್ಟ ಫಾಸ್ಫೇಟು ತುಕ್ಕು ಹಿಡಿಯುತ್ತದೆಯೆಂಬುದೂ ದಿಟ. ಉಪ್ಪುಗಾಳಿಯ ಕಡಲ ತೀರದಲ್ಲಿರುವವನು, ಅಥವಾ ಸದ್ದಡಗಿಸುವ ಕೊಳವೆ ಸಿಕ್ಕಿಸಿ ಮಸಿಯನ್ನು ದುಪ್ಪಟ್ಟು ಮಾಡಿಕೊಳ್ಳುವವನು ಇವುಗಳಿಗೆ ಹಣ ಕೊಟ್ಟರೆ ನಾನು ನಗುವುದಿಲ್ಲ. ಅಣ್ಣನ ಊರು ಕಡಲಿಗೆ ಬಲುದೂರ. ಅವನು ತಿಂಗಳಿಗೊಮ್ಮೆ ಗುರಿ ಹೊಡೆಯಲು ಹೋಗುತ್ತಾನೆ.

ಲೇಪನದ ಪರವಾಗಿ ಅವನು ತೋರಿಸಿದ ದೊಡ್ಡ ಸಾಕ್ಷ್ಯವೆಂದರೆ ಒಂದು ಚಲಚ್ಚಿತ್ರ: ಯಾರೋ ಒಬ್ಬ ಹನಿ ಎಣ್ಣೆಯಿಲ್ಲದೆ ಸಾವಿರಾರು ತೋಟಾ ಹಾರಿಸಿದ್ದಾನೆ, ರೈಫಲ್ಲು ನಿಲ್ಲಲಿಲ್ಲ. ಒಂದು ರೈಫಲ್ಲಿನಿಂದ ಏನು ಸಿದ್ಧವಾಗುತ್ತದೆ? ೨೦೦೭ರಲ್ಲಿ ಅಮೆರಿಕದ ಸೈನ್ಯ ಎಂ-೪ ಎಂಬ ಇದೇ ವಂಶದ ರೈಫಲ್ಲುಗಳನ್ನು ದಟ್ಟ ಧೂಳಿನಲ್ಲಿ ಪರೀಕ್ಷಿಸಿತು. ಹತ್ತು ರೈಫಲ್ಲು, ಒಟ್ಟು ೬೦,೦೦೦ ತೋಟಾ. ಬೇಸಿಗೆಯ ಪರೀಕ್ಷೆಯಲ್ಲಿ ೩೦೭ ಸಲ ನಿಂತವು. ವರ್ಷಾಂತ್ಯದ ಪರೀಕ್ಷೆಯಲ್ಲಿ ೮೮೨ ಸಲ! ಅದೇ ಮಾದರಿ, ಸೈನ್ಯದ ಅದೇ ಲೇಪನ. ಫಲ ಮಾತ್ರ ಹೆಚ್ಚು ಕಡಿಮೆ ಮೂರುಪಟ್ಟು ಬೇರೆ. ಹತ್ತು ರೈಫಲ್ಲುಗಳ ಪರೀಕ್ಷೆಯೇ ಇಷ್ಟು ಓಲಾಡುವಾಗ, ಒಬ್ಬನ ಒಂದು ರೈಫಲ್ಲನ್ನು ಪ್ರಮಾಣವೆಂದು ಒಪ್ಪಲು ನಮ್ಮ ತರ್ಕಶಾಸ್ತ್ರದ ಮೇಷ್ಟರು ಬಿಟ್ಟಾರೆಯೇ?

ಇನ್ನೊಂದು ಮಾತು. ಈ ಬೋಲ್ಟುಗಳು ಸಾಯುವುದು ಸಾಮಾನ್ಯವಾಗಿ ಮೈ ಸವೆದು ಅಲ್ಲ. ಬೀಗದ ಹಲ್ಲುಗಳ ಬುಡದಲ್ಲಿ, ಇಲ್ಲವೇ ನಡುವೆ ಪಿನ್ನು ತೂರುವ ರಂಧ್ರದ ಬಳಿ ದಣಿದು ಬಿರುಕು ಬಿಟ್ಟು. ಅದನ್ನು ತಡೆಯುವುದು ಕಾರ್ಪೆಂಟರ್ ೧೫೮ ಎಂಬಂಥ ಒಳ್ಳೆಯ ಉಕ್ಕು, ಅದಕ್ಕೆ ಕೊಟ್ಟ ಹದ, ಸಣ್ಣ ಗುಂಡುಗಳಿಂದ ಮೈ ತಟ್ಟುವ ಸಂಸ್ಕಾರ. ಇದ್ದ ಬಿರುಕನ್ನು ಮೊದಲೇ ಹಿಡಿಯಲು ಕಾಂತದ ಪರೀಕ್ಷೆ. ಇವೊಂದೂ ಚಿತ್ರದಲ್ಲಿ ಹೊಳೆಯುವುದಿಲ್ಲ. ಸಾಲದುದಕ್ಕೆ ಲೇಪನವೇ ಕೆಲವು ವೇಳೆ ಕೇಡು ಮಾಡುವುದುಂಟು. ವಿದ್ಯುತ್ತಿನಿಂದ ಕ್ರೋಮಿಯಂ ಹತ್ತಿಸುವಾಗ ಜಲಜನಕ ಉಕ್ಕಿನೊಳಕ್ಕೆ ಇಳಿಯುತ್ತದೆ. ಆಮೇಲೆ ಒಲೆಯಲ್ಲಿಟ್ಟು ಅದನ್ನು ಹೊರಡಿಸದಿದ್ದರೆ ಉಕ್ಕು ಪೆಡಸಾಗುತ್ತದೆ. ಕಡಿಮೆ ಕಾವಿನಲ್ಲಿ ಹದ ಮಾಡಿದ ಬೋಲ್ಟನ್ನು, ನೈಟ್ರೈಡು ಸಂಸ್ಕಾರಕ್ಕೆಂದು ಐನೂರು ಡಿಗ್ರಿಗೂ ಮಿಕ್ಕಿ ಕಾಯಿಸಿದರೆ ಮೊದಲಿನ ಹದ ಇಳಿದುಹೋಗುತ್ತದೆ. ಬಲ್ಲ ಕಾರ್ಖಾನೆಯವರು ಅದಕ್ಕೆ ತಕ್ಕ ಉಕ್ಕನ್ನೇ ಆರಿಸುತ್ತಾರೆ. ಬಂಗಾರದ ಬಣ್ಣವನ್ನು ನೋಡಿ ಮಾತ್ರ ಯಾರು ಬಲ್ಲವರು, ಯಾರು ಅಲ್ಲದವರು ಎಂದು ತಿಳಿಯುವ ಬಗೆಯಿಲ್ಲ.

ಇಷ್ಟಾದರೂ ಬೆಲೆಯ ಬಗ್ಗೆ ನನಗೆ ಅಷ್ಟು ತಕರಾರಿಲ್ಲ, ದುಡ್ಡು ಅಣ್ಣನದು. "ಇದಕ್ಕೆ ಎಣ್ಣೆಯೇ ಬೇಡ" ಎಂದು ಅವನು ಹೇಳಿದಾಗ ಮಾತ್ರ ನನಗೆ ಎದೆ ಧಸಕ್ಕೆಂದಿತು. ಆರೈಕೆ ಬೇಡವೆಂಬ ಮಾತನ್ನು ಈ ರೈಫಲ್ಲಿನ ವಿಷಯದಲ್ಲಿ ಒಮ್ಮೆ ನಂಬಿದ್ದಾಗಿದೆ. ಅದರ ತರುವಾಯ ಸೈನ್ಯವು ವಿಲ್ ಐಸ್ನರ್ ಎಂಬ ಪ್ರಸಿದ್ಧ ಚಿತ್ರಕಥೆಗಾರನಿಂದ ೧೯೬೮ರಲ್ಲಿ ಬಣ್ಣದ ಚಿತ್ರಪುಸ್ತಕ ಬರೆಯಿಸಿ, ರೈಫಲ್ಲು ಒರೆಸುವುದು ಹೇಗೆಂದು ಬೆಳೆದ ಗಂಡಸರಿಗೆ ಮಕ್ಕಳಿಗೆ ಹೇಳುವಂತೆ ಹೇಳಿಕೊಡಬೇಕಾಯಿತು. ನಮ್ಮ ಶಿಬಿರದ ಹವಾಲ್ದಾರರು ಫೈರಿಂಗ್ ಆದ ಸಂಜೆ, ಎಷ್ಟೇ ಹೊತ್ತಾಗಿರಲಿ, ಪುಲ್‌ತ್ರೂ ಎಳೆಸಿ, ಚಿಂದಿ ಬೆಳ್ಳಗೆ ಹೊರಬರುವ ತನಕ ಒಬ್ಬರನ್ನೂ ಊಟಕ್ಕೆ ಬಿಡುತ್ತಿರಲಿಲ್ಲ. ಅವರನ್ನು ಆಗ ನಾವೆಲ್ಲ ಬೈದುಕೊಂಡವರೇ.

ಅಣ್ಣನಿಗೆ ನಾನು ಹೇಳಿದ್ದು ಇಷ್ಟು: ಒಳಗೆ ಕ್ರೋಮಿಯಂ ಇರುವ, ಪರೀಕ್ಷೆಯಾದ ಬೋಲ್ಟಿನ ಸಾದಾ ಫಾಸ್ಫೇಟಿನದನ್ನು ಕೊಂಡುಕೋ, ಉಳಿದ ಹಣದಲ್ಲಿ ಒಂದು ಸೀಸೆ ಎಣ್ಣೆ, ಬದಲಿ ಉಂಗುರಗಳು, ಮಿಕ್ಕದ್ದಕ್ಕೆಲ್ಲ ತೋಟಾ. ಅವನು ಆಗ ಏನೂ ಹೇಳಲಿಲ್ಲ. ಹೋದ ತಿಂಗಳು ಫೋನು ಮಾಡಿದ್ದಾಗ, ಬಂಗಾರದ್ದನ್ನೇ ಕೊಂಡೆನೆಂದೂ, ಒರೆಸಲು ಬಲು ಸುಲಭವೆಂದೂ ಹೇಳಿದ. ಎಣ್ಣೆ ಹಾಕುತ್ತಿದ್ದೀಯಾ ಎಂದು ಕೇಳಿದೆ. ಹಾಕುತ್ತಿದ್ದಾನಂತೆ.