ದಾರಿಯ ಬುತ್ತಿ

ಸಂಸ್ಕೃತದಲ್ಲಿ 'ಪಾಥೇಯ' ಎಂಬ ಸೊಗಸಾದ ಮಾತೊಂದಿದೆ. ಪಥದಲ್ಲಿ, ಎಂದರೆ ದಾರಿಯಲ್ಲಿ, ಉಣ್ಣಲೆಂದು ಒಯ್ಯುವ ಆಹಾರವೇ ಪಾಥೇಯ. ಕನ್ನಡದ ಮನೆಮಾತಿನಲ್ಲಿ ಅದು ಬುತ್ತಿ. ಕಾಶೀಯಾತ್ರೆಗೆ ಹೊರಟ ಹಿರಿಯರಾಗಲಿ, ಜಾತ್ರೆಗೆ ಗಾಡಿ ಕಟ್ಟಿದ ರೈತರಾಗಲಿ ಬುತ್ತಿಯಿಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ಇಂದು ಬೆಂಗಳೂರಿನಂಥ ನಗರದಲ್ಲಿ ನಿತ್ಯವೂ ಬುತ್ತಿ ಬೇಕಾದ ಪ್ರಯಾಣಿಕರೆಂದರೆ ಏಳೆಂಟು ವರ್ಷದ ಶಾಲಾಮಕ್ಕಳು. ಗಂಟೆ ಏಳಾಗುವ ಮುನ್ನವೇ ಬೀದಿಯ ತಿರುವಿನಲ್ಲಿ ವ್ಯಾನು ಬಂದು ಕೂಗು ಹಾಕುತ್ತದೆ. ಹತ್ತು ಕಿಲೋಮೀಟರಿನ ದಾರಿ ಸವೆಯಲು ವಾಹನಗಳ ಸಂದಣಿಯಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ. ಈ ಪ್ರಯಾಣಿಕರ ಕೈಗೆ ಸಿಕ್ಕುವ ಪಾಥೇಯವಾದರೂ ಏನು? ಅನೇಕ ಮನೆಗಳಲ್ಲಿ ಅದು ಒಂದು ಬಿಸ್ಕತ್ತಿನ ಪೊಟ್ಟಣ.

ಸಾಮಾನ್ಯ ಬಿಸ್ಕತ್ತೆಂದರೆ ಮೈದಾ, ಸಕ್ಕರೆ, ಎಣ್ಣೆ. ಅದನ್ನು ತಿಂದ ಮಗುವಿಗೆ ಹೊಟ್ಟೆ ತುಂಬಿದಂತೆ ತೋರಿದರೂ ತುಸು ಹೊತ್ತಿನಲ್ಲಿಯೇ ಮತ್ತೆ ಹಸಿವು. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿದ ಮಗುವಿಗೆ ಬೆಳಗಿನ ಹತ್ತೂವರೆಯ ವಿರಾಮದವರೆಗೆ ಹದಿಮೂರೂವರೆ ಗಂಟೆಗಳ ಅಂತರ. ಅಷ್ಟು ಹೊತ್ತು ಬರಿಹೊಟ್ಟೆಯಲ್ಲಿರುವುದು ದೊಡ್ಡವರಿಗೆ ಏಕಾದಶಿಯೆನಿಸಬಹುದು, ಮಗುವಿಗೆ ಅದು ಪ್ರತಿದಿನದ ಪಾಡು. ಪ್ರಾರ್ಥನೆಯ ಸಾಲಿನಲ್ಲಿ ತಲೆ ಸುತ್ತಿ ಕುಳಿತ ಹುಡುಗಿಯನ್ನೂ ಎರಡನೆಯ ಪಾಠದ ವೇಳೆಗೆ ತೂಕಡಿಸುವ ಹುಡುಗನನ್ನೂ ಉಪಾಧ್ಯಾಯರು ಸೋಮಾರಿಗಳೆಂದು ಬಗೆಯುವುದುಂಟು. ಅವರು ಹಸಿದಿರಬಹುದು, ಅಷ್ಟೆ. ಸರಕಾರಿ ಶಾಲೆಯ ಮಕ್ಕಳಿಗೆ 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲುಂಟು; 2024ರಲ್ಲಿ ಅದಕ್ಕೆ ರಾಗಿ ಮಾಲ್ಟ್ ಕೂಡಿತು. ನೆರೆಯ ತಮಿಳುನಾಡು 2022ರಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ತಿಂಡಿಯನ್ನೇ ಬಡಿಸತೊಡಗಿತು. ದುಬಾರಿ ಶುಲ್ಕ ತೆತ್ತು ವ್ಯಾನಿನಲ್ಲಿ ಹೋಗುವ ಮಗುವಿಗೆ ಮಾತ್ರ ಮನೆಯವರು ಕಟ್ಟಿದ್ದೇ ಗತಿ!

ಇದಕ್ಕೆ ತಾಯಿಯನ್ನು ದೂರುವುದು ಸುಲಭ. ಆಕೆ ಐದಕ್ಕೇ ಎದ್ದು ಒಲೆ ಹೊತ್ತಿಸಿರುತ್ತಾಳೆ. ಆರೂವರೆಗೆ ತಟ್ಟೆಯಲ್ಲಿ ಬಿಸಿ ಉಪ್ಪಿಟ್ಟು ಹಬೆಯಾಡುತ್ತಿರುತ್ತದೆ. "ಬೇಗ ತಿನ್ನೋ, ವ್ಯಾನು ಬರುತ್ತೆ" ಎಂದು ಅವಳು. "ನಂಗೆ ಬೇಡಮ್ಮ" ಎಂದು ಅವನು. ಮೊದಲು ಗದರಿಕೆ, ಆಮೇಲೆ ಕಣ್ಣೀರು, ಕಡೆಗೆ ಬಿಸ್ಕತ್ತು. ಇಲ್ಲಿ ಹುಡುಗನ ಹಟವೆಷ್ಟೋ ನಿಜವಾದ ಹಸಿವಿಲ್ಲದಿರುವಿಕೆಯೂ ಅಷ್ಟೇ. ಹಿಂದಿನ ರಾತ್ರಿ ಅಪ್ಪ ಕಚೇರಿಯಿಂದ ಬಂದ ಮೇಲೆ, ಟೆಲಿವಿಷನ್ನಿನ ಧಾರಾವಾಹಿ ಮುಗಿದ ಮೇಲೆ, ಹತ್ತಕ್ಕೆ ಉಂಡು ಮಲಗಿದ ಮಗು ನಸುಕಿನಲ್ಲಿ ಹಸಿಯಬೇಕೆಂದರೆ ಹೇಗೆ? ಮಕ್ಕಳ ಊಟ ಎಂಟರೊಳಗೆ ಮುಗಿಯುವ ಮನೆಯಲ್ಲಿ ಬೆಳಗಿನ ಈ ರಗಳೆ ಅರ್ಧದಷ್ಟು ಇಳಿಯುತ್ತದೆ. ಹಾಗಾದರೂ ಎದ್ದೊಡನೆ ತಿನ್ನಲಾರದ ಮಕ್ಕಳು ಇದ್ದೇ ಇರುತ್ತಾರೆ. ಅಂಥವರಿಗೆ ಮನೆಯಲ್ಲಿ ಅರ್ಧ ಲೋಟ ಹಾಲು ಕೊಟ್ಟು, ಉಳಿದದ್ದನ್ನು ದಾರಿಗೆ ಕಟ್ಟಿಕೊಡುವುದೇ ವಿವೇಕ.

ಆದರೆ ಮನೆಯ ತಿಂಡಿಯನ್ನೇ ಡಬ್ಬಿಗೆ ತುಂಬಿದರೆ ಅದು ಬುತ್ತಿಯಾಗದು. ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಚಿತ್ರಾನ್ನ ಇವೆಲ್ಲ ಒಳ್ಳೆಯ ತಿಂಡಿಗಳೇ. ಓಡುವ ವ್ಯಾನಿನಲ್ಲಿ ಚಮಚೆ ಬೇಡುವುದರಿಂದ ಅರ್ಧ ಬಾಯಿಗೆ, ಅರ್ಧ ಸಮವಸ್ತ್ರಕ್ಕೆ. ಹಸಿ ತೆಂಗಿನಕಾಯಿಯ ಚಟ್ನಿ ಸೋರಿ ಪುಸ್ತಕಕ್ಕೆ ಹತ್ತುತ್ತದೆ. ದಾರಿಯ ತಿಂಡಿ ಒಣಗಿರಬೇಕು, ಒಂದು ಕೈಯಲ್ಲಿ ಹಿಡಿಸಬೇಕು, ಆರಿದರೂ ರುಚಿ ಕೆಡಬಾರದು. 'ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ' ಎಂದು ಗಾದೆ ಕೇಳುತ್ತದೆ. ಈ ಬುತ್ತಿ ಮುಕ್ಕಾಲು ಗಂಟೆ ಬಾಳಿದರೆ ಸಾಕು.

ಈ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಗೆಲ್ಲುವುದು ಪಡ್ಡು. ದೋಸೆಗೆ ರುಬ್ಬಿ ಹುದುಗಿಸಿದ ಹಿಟ್ಟೇ ಇದಕ್ಕೂ ಆಗುತ್ತದೆ. ತುರಿದ ಗಜ್ಜರಿ, ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು ಇಲ್ಲವೆ ಈರುಳ್ಳಿಯನ್ನು ಹಿಟ್ಟಿಗೆ ಬೆರೆಸಿ ಗುಳಿಗಳಿಗೆ ಹುಯ್ದರೆ, ತಟ್ಟೆಯಲ್ಲಿ ತರಕಾರಿಯನ್ನು ಬೆರಳಿನಿಂದ ಬದಿಗೆ ಸರಿಸುವ ಮಗುವೂ ಗೊತ್ತಾಗದಂತೆ ತಿಂದುಬಿಡುತ್ತದೆ. ಹಿಟ್ಟಿನಲ್ಲಿರುವ ಉದ್ದಿನಬೇಳೆಯಿಂದ ಸಸಾರಜನಕವೂ ದೊರೆಯುತ್ತದೆ. ಎರಡು ತುತ್ತಿಗೊಂದು ಪಡ್ಡು. ಐದಾರು ಪಡ್ಡು ತಿಂದ ಮಗುವಿಗೆ ವಿರಾಮದವರೆಗೆ ಚಿಂತೆಯಿಲ್ಲ. ತುಪ್ಪದಲ್ಲಿ ಕಲಸಿದ ಚಟ್ನಿಪುಡಿಯನ್ನು ಮೇಲೆ ಸವರಿದರೆ ಬೇರೆ ಚಟ್ನಿಯೂ ಬೇಡ.

ಒಲೆಯನ್ನೇ ಹೊತ್ತಿಸದ ದಿನಕ್ಕೆ ರಾಗಿ ಹುರಿಹಿಟ್ಟು ಇದೆ. ರಾಗಿಯನ್ನು ತುಸು ತೇವ ಮಾಡಿ, ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದ ಈ ಹಿಟ್ಟು ಆಗಲೇ ಬೆಂದದ್ದು. ಬೆಲ್ಲದ ಪುಡಿ, ಕೊಬ್ಬರಿ ತುರಿ, ಹುರಿದು ಕುಟ್ಟಿದ ಎಳ್ಳು ಹಾಗೂ ಕಡಲೆಕಾಯಿ ಬೀಜ ಸೇರಿಸಿ ಬಿಸಿ ತುಪ್ಪದಲ್ಲಿ ಉಂಡೆ ಕಟ್ಟಿದರೆ ನಾಲ್ಕಾರು ದಿನ ಕೆಡದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120. ರಾಗಿಯದೆಲ್ಲವೂ ಮೈಗೆ ಹತ್ತುವುದಿಲ್ಲವೆಂಬುದು ನಿಜ, ಆದರೂ ಬಿಸ್ಕತ್ತಿನೊಡನೆ ಹೋಲಿಕೆ ಎಲ್ಲಿಯದು! ಭಾನುವಾರ ಸಂಜೆ ಈ ಉಂಡೆ ಕಟ್ಟುವ ಕೆಲಸವನ್ನು ತಂದೆಯೂ ಮಾಡಬಹುದು. ಪಾಂಡಿತ್ಯವೇನೂ ಬೇಕಿಲ್ಲ.

ಕರ್ಣಾಟಕದ ಮೂಲೆಮೂಲೆಯಲ್ಲಿಯೂ ಇಂಥ ಜಾಣತನ ಕಾಣುತ್ತದೆ. ಉಡುಪಿ-ಮಂಗಳೂರಿನ ಕಡೆ ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಹೆಣೆದ ಕೊಟ್ಟೆಯಲ್ಲಿಯೇ ಕಡುಬು ಬೇಯುವುದರಿಂದ ಪಾತ್ರೆಯೂ ಅದೇ, ಪೊಟ್ಟಣವೂ ಅದೇ. ಉತ್ತರದ ಜಿಲ್ಲೆಗಳ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಜೋಡಿಯಂತೂ ಹೊಲದ ದಾರಿಗೆಂದೇ ಹುಟ್ಟಿದ್ದು. ಮೆತ್ತನೆಯ ರೊಟ್ಟಿಗೆ ಬೆಣ್ಣೆ ಸವರಿ ಹಿಂಡಿ ಉದುರಿಸಿ ಸುರುಳಿ ಸುತ್ತಿದರೆ ನಗರದ ಮಗುವೂ ಬೇಡವೆನ್ನದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ರೂಪಿಸಿದರೆಂದು ಹೆಸರಾದ ರವೆ ಇಡ್ಲಿಗೆ ಹಿಂದಿನ ದಿನ ರುಬ್ಬುವ ಶ್ರಮವಿಲ್ಲ. ಮೊಟ್ಟೆ ತಿನ್ನುವ ಮನೆಯವರಿಗೆ ಬೇಯಿಸಿದ ಮೊಟ್ಟೆ, ಜೊತೆಗೊಂದು ಬಾಳೆಹಣ್ಣು. ಇದಕ್ಕೆ ವಿವರಣೆಯೇ ಬೇಡ.

ಎಚ್ಚರಿಕೆಯ ಮಾತುಗಳೂ ಕೆಲವಿವೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಕಡಲೆಕಾಯಿ ಬೀಜವನ್ನಾಗಲಿ ಇಡಿಯ ದ್ರಾಕ್ಷಿಯನ್ನಾಗಲಿ ಕೊಡಲೇಬಾರದು. ವ್ಯಾನು ಕುಲುಕಿದಾಗ ಗಂಟಲಿಗೆ ಸಿಕ್ಕಿಕೊಂಡೀತು. ಅಷ್ಟು ಚಿಕ್ಕ ಮಕ್ಕಳು ತಿನ್ನುವಾಗ ಪಕ್ಕದಲ್ಲಿ ದೊಡ್ಡವರೊಬ್ಬರು ಇರಬೇಕು. ಸ್ಕೂಟರಿನ ಮೇಲೆ ಕುಳಿತು ತಿನ್ನುವುದಂತೂ ಯಾವ ವಯಸ್ಸಿಗೂ ಸಲ್ಲದು. ಅಪ್ಪನ ಹಿಂದೆ ಸ್ಕೂಟರಿನಲ್ಲಿ ಹೋಗುವವರು ಹತ್ತು ನಿಮಿಷ ಮುಂಚೆ ತಲುಪಿ ಶಾಲೆಯ ಜಗಲಿಯಲ್ಲಿ ಕುಳಿತು ತಿನ್ನಲಿ. ಪ್ರಯಾಣದಲ್ಲಿ ವಾಂತಿಯಾಗುವ ಮಕ್ಕಳಿಗೆ ಕರಿದದ್ದು ಬೇಡ, ಸ್ವಲ್ಪವೇ ಇರಲಿ. ಬುತ್ತಿಯನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತುವ ವಾಡಿಕೆ ಇನ್ನೂ ಹೋಗಿಲ್ಲ. ಅಚ್ಚಿನ ಮಸಿ ಆಹಾರಕ್ಕೆ ಇಳಿಯುವುದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿ, ಮತ್ತೆ 2023ರಲ್ಲಿ ಎಚ್ಚರಿಸಿದೆ. ಬಾಳೆ ಎಲೆಯ ತುಂಡು, ಒಗೆದ ಹತ್ತಿಯ ವಸ್ತ್ರ, ಉಕ್ಕಿನ ಪುಟ್ಟ ಡಬ್ಬಿ ಇವೇ ಲೇಸು. ಡಬ್ಬಿಯ ಮುಚ್ಚಳವನ್ನು ಮಗು ತಾನೇ ತೆಗೆಯಬಲ್ಲುದೇ ಎಂದು ಮನೆಯಲ್ಲಿಯೇ ನೋಡಿಕೊಳ್ಳಬೇಕು; ತೆರೆಯಲಾರದೆ ಹಾಗೆಯೇ ಹಿಂತಿರುಗಿದ ಡಬ್ಬಿಗಾಗಿ ಬೈಸಿಕೊಂಡ ಮಕ್ಕಳೂ ಉಂಟು.

ಇಷ್ಟೆಲ್ಲದರ ನಡುವೆ ಮರೆತುಹೋಗುವುದು ಕಟ್ಟಿಕೊಟ್ಟಾಕೆಯ ತಿಂಡಿ. ಮಗುವಿಗೆ ಕೈಬೀಸಿ ಒಳಗೆ ಬಂದವಳು ಆರಿದ ಕಾಫಿ ಕುಡಿದು ತನ್ನ ಕಚೇರಿಯ ಬಸ್ಸಿಗೆ ಓಡುತ್ತಾಳೆ. ಪಡ್ಡಿನ ಹಂಚು ಒಲೆಯ ಮೇಲೆ ಇನ್ನೂ ಕಾದೇ ಇರುತ್ತದೆ. ಇನ್ನೊಂದು ಸಲ ಹಿಟ್ಟು ಹುಯ್ಯಲು ಐದು ನಿಮಿಷ ಸಾಕು, ಮತ್ತು ಅದನ್ನು ಹುಯ್ಯುವ ಕೈ ಅವಳದೇ ಆಗಬೇಕೆಂದೇನೂ ಇಲ್ಲ.